ಬಲವಂತದ ಬ್ರಹ್ಮಚರ್ಯ ವ್ರತವೇ?

ಮಕ್ಕಳು ದೂರದೇಶಗಳಲ್ಲಿ ನೆಲೆಸಿದ ಮೇಲೆ ದೊಮ್ಮಲೂರು, ಇಂದಿರಾನಗರಗಳಂತಹ ಬಡಾವಣೆಗಳ ವೃದ್ಧ ದಂಪತಿಗಳು ಮನೆಗೆ ಬೀಗ ಹಾಕಿ ವೃದ್ಧಾಶ್ರಮ ಸೇರುವುದುಂಟು. ಅಲ್ಲಿ ಪುರುಷರಿಗೊಂದು, ಸ್ತ್ರೀಯರಿಗೊಂದು ವಿಭಾಗವಿದ್ದರೆ, ಐವತ್ತು ವರ್ಷ ಒಂದೇ ಸೂರಿನಡಿ ಬಾಳಿದವರು ಊಟದ ಹೊತ್ತಿನಲ್ಲಿ ಮಾತ್ರ ಮುಖ ನೋಡಬೇಕಾಗುತ್ತದೆ. ಒಂದೇ ಕೋಣೆ ಬೇಕೆಂದರೆ "ಈ ವಯಸ್ಸಿನಲ್ಲಿಯೂ?" ಎಂಬ ನಗೆ ಎದುರಾಗುತ್ತದೆ. ಆ ನಗೆಗೆ ಧರ್ಮದ ಆಧಾರವಿದೆಯೇ ಎಂಬುದನ್ನು ವಿಚಾರಿಸಬೇಕಾಗಿದೆ.

ಗೃಹಸ್ಥರ ಬ್ರಹ್ಮಚರ್ಯಾಣುವ್ರತವು ಸ್ವದಾರಸಂತೋಷ ವ್ರತ. ತನ್ನ ಸಂಗಾತಿಯಲ್ಲಿಯೇ ತೃಪ್ತಿ ಎಂಬುದು ಅದರ ಸಾರ. ಕೂದಲು ನರೆತೊಡನೆ ಆ ದಾಂಪತ್ಯ ಮುಗಿಯುವುದಿಲ್ಲ. ಪೂರ್ಣ ಬ್ರಹ್ಮಚರ್ಯವು ಶ್ರಾವಕರ ಹನ್ನೊಂದು ಪ್ರತಿಮೆಗಳಲ್ಲಿ ಏಳನೆಯದು. ಆ ಮೆಟ್ಟಿಲನ್ನು ಸಾಧಕನು ತಾನಾಗಿಯೇ ಏರಬೇಕು. ಆಶ್ರಮದ ವ್ಯವಸ್ಥಾಪಕರು ಏರಿಸಲಾಗದು.

ಪೂಜ್ಯಪಾದಾಚಾರ್ಯರು 'ಸರ್ವಾರ್ಥಸಿದ್ಧಿ'ಯಲ್ಲಿ ಅಕಾಮನಿರ್ಜರೆಯನ್ನು ವಿವರಿಸುವಾಗ ಸೆರೆಯಾಳಿನ ದೃಷ್ಟಾಂತವನ್ನು ಕೊಡುತ್ತಾರೆ. ಅವನು ಹಸಿವು ನೀರಡಿಕೆಗಳನ್ನು ಸಹಿಸುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಬ್ರಹ್ಮಚರ್ಯದಲ್ಲಿಯೂ ಇರುತ್ತಾನೆ. ಯಾವುದೂ ಅವನ ಇಚ್ಛೆಯಿಂದಲ್ಲ. ಸಹಿಸಿದವನಿಗೆ ಏನಾದರೂ ಫಲವಿದ್ದೀತು, ಸೆರೆಯಲ್ಲಿಟ್ಟವನಿಗೆ ಪುಣ್ಯವೆಲ್ಲಿಯದು? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವೂ ಒಂದು.

ಮುಪ್ಪು ವೈರಾಗ್ಯಕ್ಕೆ ತಕ್ಕ ಕಾಲವೆಂಬ ಮಾತು ಸತ್ಯವೇ. ಆದುದರಿಂದಲೇ ದಂಪತಿಗಳಲ್ಲಿ ಒಬ್ಬರು ವ್ರತ ಹಿಡಿದಿದ್ದರೆ ಇನ್ನೊಬ್ಬರು ಒತ್ತಾಯಿಸಲಾಗದು. ಮರೆವಿನ ರೋಗದಿಂದ ಸಮ್ಮತಿ ಸೂಚಿಸಲಾರದವರನ್ನು ರಕ್ಷಿಸುವುದು ಆಶ್ರಮದ ಮೊದಲ ಹೊಣೆ. ಸಂಗಾತಿಯನ್ನು ಕಳೆದುಕೊಂಡ ಇಬ್ಬರು ಪರಸ್ಪರ ಒಲಿದರೆ ವಿವಾಹದ ದಾರಿ ತೆರೆದಿದೆ. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ಗರಿಷ್ಠ ವಯಸ್ಸಿನ ಮಿತಿಯಿಲ್ಲ. ಅಲ್ಲಿ ಅಡ್ಡ ಬರುವುದು ಹಲವು ವೇಳೆ ಶೀಲದ ಚಿಂತೆಯಲ್ಲ, ಆಸ್ತಿಯ ಚಿಂತೆ. ಮಕ್ಕಳ ಪರಿಗ್ರಹಕ್ಕೆ ಹಿರಿಯರ ಶೀಲದ ಹೆಸರನ್ನು ಕೊಡುವುದು ಸತ್ಯವ್ರತಕ್ಕೂ ಒಪ್ಪದು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದಾಗ ಅವರಿಗೆ 86 ವರ್ಷ. ವಯಸ್ಸಾದವರಿಗೆ ಮರೆಯೇಕೆ ಎನ್ನುವವರು ಇದನ್ನು ನೆನೆಯಬೇಕು.

ವೃದ್ಧಾಶ್ರಮ ಕಟ್ಟಲು ಮುಂದಾಗುವ ಟ್ರಸ್ಟುಗಳು ಬಸದಿಯ ದಾರಿ, ಸೂರ್ಯಾಸ್ತಕ್ಕೆ ಮುಂಚಿನ ಊಟ ಇವುಗಳನ್ನು ಶ್ರದ್ಧೆಯಿಂದ ಯೋಚಿಸುತ್ತವೆ. ಅದರೊಡನೆ ದಂಪತಿಗಳಿಗೊಂದು ಕೋಣೆ, ಬಾಗಿಲು ತಟ್ಟಿ ಒಳಬರುವ ನಿಯಮ, ನಗದೆ ಕೇಳಿಸಿಕೊಳ್ಳುವ ಸಿಬ್ಬಂದಿ ಇರಲಿ. ಆ ಕೋಣೆಯಲ್ಲಿ ಅವರು ಅನುರಾಗದಿಂದ ಬಾಳಲಿ, ಇಲ್ಲವೇ ಕೂಡಿಯೇ ವ್ರತ ಹಿಡಿಯಲಿ. ನಿರ್ಧಾರ ಅವರದಾದರೆ ಮಾತ್ರ ಅದು ವ್ರತ.