ದಿನದ ಲೆಕ್ಕ

ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಲೇಡೀಸ್ ಬ್ಯಾಗಿನ ಹೋಲ್‌ಸೇಲ್ ವ್ಯಾಪಾರ ಶುರುಮಾಡುವ ಮನಸ್ಸಾಗಿದೆ. ಮುಂಬೈನ ಧಾರಾವಿಯಿಂದ ತರಿಸಿದ ಆರು ಸ್ಯಾಂಪಲ್ಲು, ಲೆಕ್ಕ ಬರೆದ ನೋಟ್‌ಬುಕ್ಕು ಹಿಡಿದು ಮೊನ್ನೆ ಮನೆಗೆ ಬಂದಳು. ನನಗೇನು ತಿಳಿಯುತ್ತದೆ? ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ನಲವತ್ತು ವರ್ಷ ಇದೇ ಮಾಲು ಮಾರಿದ ಪರಿಚಯದ ಸಾಹುಕಾರರೊಬ್ಬರ ಬಳಿ ಕರೆದೊಯ್ದೆ.

ಅವರು ಬ್ಯಾಗಿನ ಬಣ್ಣ, ಬೆಡಗು ನೋಡಲೇ ಇಲ್ಲ. ಒಂದೊಂದನ್ನೂ ಒಳಮಗ್ಗುಲು ತಿರುವಿ ಅಸ್ತರಿನ ಹೊಲಿಗೆ ಜಗ್ಗಿದರು. ಜಿಪ್ಪನ್ನು ಹತ್ತು ಹತ್ತು ಸಲ ಎಳೆದರು. ಆಮೇಲೆ ಮೂಲೆಯಲ್ಲಿದ್ದ ಹಳೆಯ ಖಾತೆ ಪುಸ್ತಕಗಳನ್ನು ಆರೂ ಬ್ಯಾಗುಗಳಿಗೆ ತುಂಬಿ ಗೋಡೆಯ ಮೊಳೆಗಳಿಗೆ ನೇತುಹಾಕಿದರು. “ಎಲ್ಲಾ ಬರಬೇಕಾದ ಬಾಕಿ. ಇದಕ್ಕಿಂತ ಭಾರದ್ದು ನನ್ನ ಅಂಗಡ್ಯಾಗ ಏನೂ ಇಲ್ಲ” ಎಂದು ನಕ್ಕು ಚಹಾ ಹೇಳಿದರು.

ಚಹಾ ಮುಗಿಯುವಷ್ಟರಲ್ಲಿ ಒಂದು ಬ್ಯಾಗಿನ ಹಿಡಿಕೆಯ ಹೊಲಿಗೆ ಬಿಟ್ಟಿತ್ತು. ಆಗ ನೋಟ್‌ಬುಕ್ಕು ತೆರೆದರು. ತೆರಿಗೆ ಬಿಟ್ಟು ಬ್ಯಾಗೊಂದಕ್ಕೆ ಕೊಳ್ಳುವ ದರ 250, ಅಂಗಡಿಗಳಿಗೆ ಹಾಕುವ ದರ 300. ಇನ್ನೂರು ಬ್ಯಾಗಿಗೆ ಹತ್ತು ಸಾವಿರ ಲಾಭ.

“ಚೀಲದ ಲೆಕ್ಕ ಬರೋಬ್ಬರಿ ಐತಿ, ತಂಗಿ. ದಿನದ ಲೆಕ್ಕ ಎಲ್ಲೈತಿ?”

“ದಿನದ್ದು ಅಂದ್ರ, ಕಾಕಾ?”

“ಮಾಲು ಒಯ್ದಾಂವ ರೊಕ್ಕ ಯಾವಾಗ ಕೊಡ್ತಾನ? ನಲವತ್ತು ಚೀಲ ಒಯ್ದ ಒಬ್ಬ ಪಾರ್ಟಿ ಕೈ ಎತ್ತಿದ ಅನ್ನು. ಹನ್ನೆರಡು ಸಾವಿರ ಹೋತು. ನಿನ್ನ ಹತ್ತೂ ಸಾವಿರ ಲಾಭ ಹೋಗಿ, ಮ್ಯಾಲೆ ಎರಡು ಸಾವಿರ ಕೈಯಿಂದ ಹಾಕಬೇಕು.”

ಹುಡುಗಿ ಪೆನ್ನು ಕೆಳಗಿಟ್ಟಳು.

ಕಿರಾಣಿ ಅಂಗಡಿಯ ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ತೂಗುತ್ತದೆ. ಅಲ್ಲಿ ಆ ನಾಳೆ ಎಂದೂ ಬರುವುದಿಲ್ಲ, ಅದೇ ಅದರ ಜಾಣತನ. ಹೋಲ್‌ಸೇಲಿನಲ್ಲಿ ಆ ನಾಳೆಯೇ ಮೊದಲು ಅಂಗಡಿಗೆ ಬಂದು ಕೂರುತ್ತದೆ. ಉದ್ರಿ ಕೊಡದಿದ್ದರೆ ಗಿರಾಕಿ ಪಕ್ಕದ ಗಲ್ಲಿಗೆ ಹೋಗುತ್ತಾನೆ. ಕೊಟ್ಟರೆ ದೀಪಾವಳಿಗೆ ಒಯ್ದ ಮಾಲಿನ ಹಣಕ್ಕೆ ಯುಗಾದಿಯವರೆಗೂ ಅಲೆಸುತ್ತಾನೆ.

ನಾವು ಹಣ ಕೊಡಬೇಕಾದವರು ಮಾತ್ರ ಕಾಯುವುದಿಲ್ಲ. ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕನಿಗೆ ಕರಾರಿಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು ಎನ್ನುತ್ತದೆ 2006ರ ಎಂಎಸ್‌ಎಂಇ ಕಾಯ್ದೆ. ಆ ಆಸರೆ ತಯಾರಿಸುವವನಿಗೆ. ಕೊಂಡು ಮಾರುವವನಿಗೆ ಇಲ್ಲ. ಇಂಥ ಪಿಯು (ಕೃತಕ ಚರ್ಮದ) ಬ್ಯಾಗಿನ ಮೇಲೆ ಶೇ. 18 ಜಿಎಸ್‌ಟಿ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು, ಕೊಳ್ಳುವಾಗ ಕಟ್ಟಿದ್ದನ್ನು ಕಳೆದು ಉಳಿದದ್ದನ್ನು ಮರುತಿಂಗಳ 20ರೊಳಗೆ ಕಟ್ಟಬೇಕು. ಗಿರಾಕಿ ಕೊಟ್ಟನೇ ಇಲ್ಲವೇ ಎಂದು ಸರ್ಕಾರ ಕೇಳುವುದಿಲ್ಲ.

ಮಾಲಾದರೂ ಕಾದೀತೇ? ಪಿಯು ಎಂದರೆ ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಪದರ. ಯಾರೂ ಮುಟ್ಟದೆ ಗೋದಾಮಿನಲ್ಲೇ ಇದ್ದರೂ ಗಾಳಿಯ ತೇವಕ್ಕೆ ಅದು ವರ್ಷ ಕಳೆದಂತೆ ಶಿಥಿಲವಾಗಿ ಸಿಪ್ಪೆ ಏಳುತ್ತದೆ.

ಮದುವೆಯ ಖರ್ಚಿರಲಿ, ಮನೆ ಕಟ್ಟುವುದಿರಲಿ, ನಾವೂ ಎಷ್ಟು ಬೇಕು ಎಂದು ಕೂಡಿಸಿ ಕಳೆಯುತ್ತೇವೆ. ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬ ಮನೆಯನ್ನು ಖಾಲಿ ಬಿಡುತ್ತೇವೆ. ಮುಳುಗಿದವರ ಲೆಕ್ಕದಲ್ಲೂ ಎಷ್ಟೋ ಸಲ ಕೂಡಿಕೆ ಸರಿಯಾಗಿಯೇ ಇರುತ್ತದೆ, ತಾರೀಖು ತಪ್ಪಿರುತ್ತದೆ.

ಹುಡುಗಿ ಇನ್ನೂರನ್ನು ಹೊಡೆದು ಅರವತ್ತು ಎಂದು ಬರೆದಳು. ಪಕ್ಕದಲ್ಲಿ ಗೆರೆ ಎಳೆದು ‘ಗಡುವು’ ಎಂದು ಹೊಸ ಅಂಕಣ ಮಾಡಿದಳು. ಏಳುವಾಗ ಉಳಿದ ಐದು ಬ್ಯಾಗುಗಳನ್ನು ಮೊಳೆಯಿಂದ ತೆಗೆಯಲು ಹೋದಳು. ಸಾಹುಕಾರರು ಬೇಡವೆಂದು ಕೈಯಾಡಿಸಿದರು.

“ಇರಲಿ ಬಿಡು. ಚಹಾ ಕುಡಿಯೂತನಕ ಎಲ್ಲಾರೂ ತಡೀತಾರ. ಎಂಟು ದಿನ ಬಿಟ್ಟು ಬಾ.”