ಪುಸ್ತಕವಿಕ್ರಯವೂ ವಿದ್ಯಾವಿಕ್ರಯವೂ

ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧದ ಪಂಕ್ತಿಗೆ ಕರೆಯಬಾರದವರ ಉದ್ದವಾದ ಪಟ್ಟಿಯೊಂದಿದೆ. ಸಂಬಳ ಹಿಡಿದು ಪಾಠ ಹೇಳುವವನೂ ಸಂಬಳ ಕೊಟ್ಟು ಪಾಠ ಹೇಳಿಸಿಕೊಳ್ಳುವವನೂ ಅದರಲ್ಲಿ ಜೊತೆಯಾಗಿಯೇ ಸೇರಿದ್ದಾರೆ. ಮಹಾಭಾರತದ ಅನುಶಾಸನಪರ್ವವಾದರೋ ವೇದವನ್ನು ಮಾರುವವನಿಗೆ ಮಾತ್ರವಲ್ಲದೆ ಅದನ್ನು ಬರೆದಿಡುವವನಿಗೂ ನರಕವನ್ನೇ ವಿಧಿಸುತ್ತದೆ. ಈ ಎರಡು ಗ್ರಂಥಗಳೂ ನನ್ನ ಅಂಗಡಿಯಲ್ಲಿ, ಬಾಗಿಲಿಗೆ ಎದುರಾದ ಬೀರುವಿನಲ್ಲಿ, ಬೆಲೆಯ ಚೀಟಿ ಅಂಟಿಸಿಕೊಂಡು ನಿಂತಿವೆ. ನನ್ನ ವೃತ್ತಿಯನ್ನು ನಿಂದಿಸುವ ಗ್ರಂಥವನ್ನು ನಾನೇ ಮಾರಿ ಮಧ್ಯಾಹ್ನದ ಅನ್ನವನ್ನು ಉಣ್ಣುತ್ತಿರುವುದು ನಗೆಯ ವಿಷಯವೆಂದು ಕೆಲವರಿಗೆ ತೋರಬಹುದು; ನನಗೆ ಅದು ಬಹುಕಾಲದಿಂದ ಬಿಡಿಸಿಕೊಳ್ಳಬೇಕಾದ ಪ್ರಶ್ನೆಯಾಗಿದೆ.

ಪುಸ್ತಕದಂಗಡಿಯವನ ಓದು ಒಂದು ವಿಚಿತ್ರವಾದ ಓದು. ಯುಗಾದಿಗೆ ಮುಂಚಿನ ಪಂಚಾಂಗದ ಗಲಾಟೆಯೂ ಜೂನ್ ತಿಂಗಳ ಪಠ್ಯಪುಸ್ತಕಗಳ ನೂಕುನುಗ್ಗಲೂ ಕಳೆದ ಮೇಲೆ, ಗಿರಾಕಿಯ ಸುಳಿವಿಲ್ಲದ ಇಳಿಹೊತ್ತಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಅವನು ಓದತಕ್ಕ ಪುಸ್ತಕವು ಅವನದಲ್ಲ. ಸಂಜೆಯೊಳಗಾಗಿ ಅದು ಇನ್ನಾರದೋ ಆಗಬೇಕಾದುದು. ಆದಕಾರಣ ಹೊಲಿಗೆ ಸಡಿಲವಾಗದಂತೆ ಅರ್ಧದಷ್ಟೇ ತೆರೆದು, ಎಲೆಯಡಿಕೆ ಹಿಡಿದ ಬೆರಳನ್ನು ಪಂಚೆಗೆ ಒರಸಿಕೊಂಡು, ಮೂಲೆ ಮಡಿಸದೆ, ಪೆನ್ಸಿಲಿನ ಗೆರೆ ಎಳೆಯದೆ ಓದಬೇಕು. ಯೋಗವಾಸಿಷ್ಠವನ್ನು ನಾನು ಓದಿದ್ದು ಹೀಗೆಯೇ. ನಿರ್ವಾಣಪ್ರಕರಣದಲ್ಲಿ ಶಿಖಿಧ್ವಜನು ರಾಜ್ಯವನ್ನು ತೊರೆದು ಕಾಡಿನಲ್ಲಿ ಕುಳಿತಿರುವಾಗಲೇ ಗಿರಾಕಿಯೊಬ್ಬರು ಬಂದು ಆ ಸಂಪುಟವನ್ನು ಕೊಂಡುಹೋದರು. ಬೇರೊಂದು ಪ್ರತಿ ಬರುವತನಕ ಅವನ ರಾಣಿ ಚೂಡಾಲೆಯ ಉಪದೇಶವು ನನ್ನ ಪಾಲಿಗೆ ಅರ್ಧದಲ್ಲೇ ನಿಂತಿತ್ತು. ಎಲ್ಲವನ್ನೂ ಬಿಟ್ಟರೂ ಬಿಟ್ಟೆನೆಂಬ ಅಭಿಮಾನವನ್ನು ಬಿಡಲಾರದ ಆ ರಾಜನ ವೃತ್ತಾಂತವನ್ನು ಓದುವುದಕ್ಕೆ ಪುಸ್ತಕದಂಗಡಿಗಿಂತ ತಕ್ಕ ಸ್ಥಳವು ಇರಲಾರದೆಂದು ನನ್ನ ನಂಬಿಕೆ.

ಗರುಡಪುರಾಣದ ಸಂಗತಿ ಇನ್ನೂ ಸೂಕ್ಷ್ಮವಾದುದು. ಸಾವು ಸಂಭವಿಸಿದ ಮನೆಯಲ್ಲಿ ಸೂತಕದ ದಿನಗಳಲ್ಲಿ ಅದನ್ನು ಓದಿಸುತ್ತಾರೆ. ಆಮೇಲೆ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಅನೇಕರು ಹೆದರುತ್ತಾರೆ. ತಲೆ ಬೋಳಿಸಿಕೊಂಡ ತರುಣನೊಬ್ಬನು ವೈಕುಂಠಸಮಾರಾಧನೆಯ ಮರುದಿನ ಪುಸ್ತಕವನ್ನು ಕಾಗದದಲ್ಲಿ ಸುತ್ತಿ ತಂದು, ಹೊಸ್ತಿಲ ಹೊರಗೇ ನಿಂತು, "ಇದನ್ನ ವಾಪಸು ಇಟ್ಕೊಳ್ಳಿ ರಾಯರೇ" ಎಂದನು. ದುಡ್ಡನ್ನು ಹಿಂದಕ್ಕೆ ಕೊಡಹೋದರೆ, "ಬೇಡಿ, ಅಪ್ಪನ ಹೆಸರಲ್ಲಿ ಋಣ ಇರಬಾರದು" ಎಂದು ಕೈಮುಗಿದು ಹೊರಟುಹೋದನು. ಆ ಪ್ರತಿಯನ್ನು ನಾನು ಮತ್ತೆ ಮಾರಲಿಲ್ಲ. ಬೇಕೆಂದವರ ಮನೆಗೆ ಅದು ಹೋಗುತ್ತದೆ, ಬರುತ್ತದೆ. ಹೀಗೆ ಹಿಂದಕ್ಕೆ ತಂದವರಲ್ಲಿ ಬರಿಗೈಯಲ್ಲಿ ಬಂದವರು ಕಡಮೆ. ಯಾವುದೋ ಒಂದು ನಾಣ್ಯವನ್ನು ಪುಸ್ತಕದ ಮೇಲೆ ಇಟ್ಟೇ ಹೋಗುತ್ತಾರೆ. ಅದು ಬೆಲೆಯೋ, ದಕ್ಷಿಣೆಯೋ, ಭಯವೋ, ನಾನು ನಿರ್ಣಯಿಸಲಾರೆ.

ಹಾಗಾದರೆ ನಾನು ಮಾರುವುದು ಯಾವುದನ್ನು? ಕಾಗದ, ಮಸಿ, ರಟ್ಟು, ಹೊಲಿಗೆ, ಇವುಗಳ ಬೆಲೆಯನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ಒಳಗಿನ ಜ್ಞಾನಕ್ಕೂ ನನಗೂ ಲೆಕ್ಕಾಚಾರವಿಲ್ಲ ಎಂದು ಹೇಳಿ ಜಾರಿಕೊಳ್ಳುವುದು ಸುಲಭ. ಆದರೆ ಅಷ್ಟೇ ಕಾಗದದ ಬರಿಯ ನೋಟುಬುಕ್ಕು ಪಕ್ಕದ ಕಪಾಟಿನಲ್ಲೇ ಅಗ್ಗಕ್ಕೆ ಇರುವಾಗ ಈ ಸಮಾಧಾನವು ನಿಲ್ಲತಕ್ಕದ್ದಲ್ಲ. ಹೆಚ್ಚಿಗೆ ಬಂದದ್ದು ಒಳಗಿರುವುದಕ್ಕೇ ಬಂದದ್ದು.

ಪ್ರಾಚೀನರ ಭಯವೂ ನಿರಾಧಾರವಾದುದಲ್ಲ. ವಿದ್ಯೆಗೆ ಬೆಲೆ ಕಟ್ಟಿದರೆ ಅದು ಹಣವುಳ್ಳವನ ಕಡೆಗೇ ಹರಿಯುತ್ತದೆ. ಕೊಡುವವನ ಮನಸ್ಸಿಗೆ ಹಿತವಾದುದನ್ನೇ ಹೇಳುವ ಚಪಲವು ಹೇಳುವವನಿಗೆ ಹುಟ್ಟುತ್ತದೆ. ಆದುದರಿಂದಲೇ ಜೈನರು ಆಹಾರ, ಅಭಯ, ಔಷಧಗಳೊಡನೆ ಶಾಸ್ತ್ರವನ್ನೂ ದಾನಗಳಲ್ಲಿ ಎಣಿಸಿದರು. ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರೂ ಬಲ್ಲ ಕಥೆ. ಅಲ್ಲಿಯೂ ಓಲೆಯನ್ನು ಹದಮಾಡಿದವರೂ ಕಂಠದಿಂದ ಅಕ್ಷರ ಕೊರೆದವರೂ ಗಾಳಿ ಕುಡಿದು ಬದುಕಿದವರಾಗಿರಲಾರರು. ಓದುವವನು ಕೊಡಬೇಕಾದುದನ್ನು ಆ ಮಹಾತಾಯಿಯು ತಾನೇ ಕೊಟ್ಟಳು, ಅಷ್ಟೆ. ದಾನದಲ್ಲಿ ಬೆಲೆಯು ಇಲ್ಲವಾಗುವುದಿಲ್ಲ, ಅದನ್ನು ಬೇರೊಬ್ಬರು ತೆರುತ್ತಾರೆ.

ಮಾರದೆಯೂ ದಾನಮಾಡದೆಯೂ ವಿದ್ಯೆಯನ್ನು ಪವಿತ್ರವಾಗಿ ಕಾಪಾಡಿದರೆ ಏನಾಗುತ್ತದೆಂಬುದಕ್ಕೆ ಮೂಡುಬಿದಿರೆಯೇ ಸಾಕ್ಷಿ. ದಿಗಂಬರ ಜೈನರ ಆಗಮಗಳಿಗೆ ಮೂಲವಾದ ಷಟ್ಖಂಡಾಗಮವೂ, ಅದರ ಮೇಲೆ ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯೂ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲಿನ ಬಸದಿಯಲ್ಲಿ ಶತಮಾನಗಟ್ಟಲೆ ಉಳಿದುಬಂದುವು. ದೂರದೂರದಿಂದ ಯಾತ್ರಿಕರು ಬಂದು ಆ ಗರಿಗಳಿಗೆ ನಮಸ್ಕರಿಸಿ ಹೋಗುತ್ತಿದ್ದರು. ಓದುತ್ತಿರಲಿಲ್ಲ, ಪ್ರತಿಮಾಡಿಕೊಳ್ಳುವುದಂತೂ ದುರ್ಲಭವಾಗಿತ್ತು. ಕಡೆಗೆ ಗುಟ್ಟಾಗಿ ಹೊರಬಿದ್ದ ಪ್ರತಿಯೊಂದರಿಂದ ಆ ಗ್ರಂಥವು ಉತ್ತರದೇಶದ ವಿದ್ವಾಂಸರ ಕೈಸೇರಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟವು ಅಚ್ಚಾಯಿತು. ಕಾಪಾಡಿದವರನ್ನು ನಾನು ಹಳಿಯೆನು. ಅವರಿಲ್ಲದಿದ್ದರೆ ಅಚ್ಚುಹಾಕುವುದಕ್ಕೆ ಏನೂ ಇರುತ್ತಿರಲಿಲ್ಲ. ಆದರೂ ಕರ್ಮಸಿದ್ಧಾಂತದ ಅಷ್ಟು ಸೂಕ್ಷ್ಮವಾದ ವಿವೇಚನೆಯು ಹೂವು ಗಂಧಗಳನ್ನು ಸ್ವೀಕರಿಸುತ್ತ ಯಾರ ಬುದ್ಧಿಯನ್ನೂ ಮುಟ್ಟದೆ ಕುಳಿತಿದ್ದ ಕಾಲವನ್ನು ನೆನೆದರೆ, ಪುಸ್ತಕಕ್ಕೆ ಬೆಲೆಯ ಚೀಟಿ ಅಂಟಿಸುವುದು ಅಂಥ ಘೋರಪಾತಕವೆಂದು ನನಗೆ ಅನ್ನಿಸುವುದಿಲ್ಲ.

ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದ ಗಳಗನಾಥರನ್ನು ವಿದ್ಯಾವಿಕ್ರಯಿಗಳೆನ್ನುವ ಧೈರ್ಯ ಯಾರಿಗುಂಟು? 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದ ಫ.ಗು. ಹಳಕಟ್ಟಿಯವರು ಮನೆ ಮಾರಿ ಮುದ್ರಣಾಲಯ ಹೂಡಿದರು. ಕಾಯಕವೆಂದರೆ ಏನೆಂಬುದನ್ನು ಆ ವಚನಗಳನ್ನು ಬರೆದ ನೇಯ್ಗೆಯವರೂ ಅಂಬಿಗರೂ ಬಲ್ಲರು: ಅವರಲ್ಲಿ ಯಾರೂ ಕೂಲಿಯನ್ನು ಪಾಪವೆನ್ನಲಿಲ್ಲ, ಸುಳ್ಳು ಕೂಲಿಯನ್ನು ಪಾಪವೆಂದರು.

ಹಿಂದೊಮ್ಮೆ ತೀರಿಹೋದ ಪಂಡಿತರೊಬ್ಬರ ಗ್ರಂಥಗಳನ್ನು ಅವರ ಮಕ್ಕಳು ರದ್ದಿಯವನಿಗೆ ತೂಕದಲ್ಲಿ ಕೊಡುವುದರಲ್ಲಿದ್ದರೆಂದು ಕೇಳಿ ಓಡಿದೆ. ಜಗಲಿಯ ಮೇಲೆ ತಕ್ಕಡಿ ತೂಗುತ್ತಿತ್ತು. ಗೀತಾಭಾಷ್ಯವೊಂದರ ಅಂಚಿನುದ್ದಕ್ಕೂ ಇರುವೆಸಾಲಿನಂಥ ಅಕ್ಷರಗಳಲ್ಲಿ ಟಿಪ್ಪಣಿಗಳು. ಹಿಂಬದಿಯ ಖಾಲಿ ಹಾಳೆಯಲ್ಲಿ ಹಿರಿಯ ಮಗನ ಜನ್ಮನಕ್ಷತ್ರ, ಅದರ ಕೆಳಗೆ ಕಿರಾಣಿ ಅಂಗಡಿಯ ಬಾಕಿ. ರದ್ದಿಯವನಿಗೆ ಅದು ಒಂದೂವರೆ ಸೇರು ಕಾಗದ. ನಾನು ಅವನಿಗಿಂತ ಹೆಚ್ಚು ಕೊಟ್ಟೆ. ಆಮೇಲೆ ಸಂಸ್ಕೃತ ಪಾಠಶಾಲೆಯ ಉಪಾಧ್ಯಾಯರೊಬ್ಬರಿಗೆ ಅದನ್ನು ಇನ್ನೂ ಹೆಚ್ಚಿಗೆ ಮಾರಿದೆ. ಆ ಲಾಭಕ್ಕೆ ನಾನು ನಾಚಲಿಲ್ಲ. ಟಿಪ್ಪಣಿಗಳನ್ನು ಓದಿ, ಎರಡು ಕಡೆ ಪಂಡಿತರು ಭಾಷ್ಯಕಾರರ ಪಕ್ಷವನ್ನು ಬಿಟ್ಟಿರುವುದನ್ನು ತೋರಿಸಿಯೇ ಉಪಾಧ್ಯಾಯರ ಕೈಗೆ ಕೊಟ್ಟಿದ್ದೆನು. ನನ್ನ ಕೂಲಿ ಅದಕ್ಕೆ.

ಹೀಗೆ ನೋಡಿದರೆ ಶಾಸ್ತ್ರಕಾರರ ಶಾಪವು ನಮ್ಮ ಕಸಬಿಗೆ ತಗಲುವುದು ಹಣ ಮುಟ್ಟಿದಲ್ಲಿ ಅಲ್ಲ, ಓದದೆ ಹೊಗಳಿದಲ್ಲಿ. ಆದುದರಿಂದ ಓದುಗರಲ್ಲಿ ನನ್ನದೊಂದು ವಿಜ್ಞಾಪನೆಯುಂಟು: ಮುಂದೆ ಯಾವ ಅಂಗಡಿಗೇ ಹೋದರೂ, ಪುಸ್ತಕ ಹೇಗಿದೆಯೆಂದು ಕೇಳುವುದಕ್ಕೆ ಮೊದಲು, "ನೀವು ಇದನ್ನು ಓದಿದ್ದೀರಾ?" ಎಂದು ಅಂಗಡಿಯವನನ್ನು ಕೇಳಿರಿ, ಇಲ್ಲವೆಂದರೆ ಬೆಲೆಯನ್ನಷ್ಟೇ ವಿಚಾರಿಸಿರಿ, ಅಭಿಪ್ರಾಯವನ್ನು ವಿಚಾರಿಸಬೇಡಿರಿ.