ಗುರುತು ಕೂಡಿದ ಮಾತ್ರಕ್ಕೆ

ನಾನು ತೀರ್ಥಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾಗಿದ್ದಾಗ, 1994ರಲ್ಲಿ, ಒಂದು ಹಳೆಯ ಅಂಬಾಸಿಡರ್ ಕಾರು ಕೊಂಡೆ. ಮರುವರ್ಷ ಫೆಬ್ರವರಿಯಲ್ಲಿ ಉಡುಪಿಯಿಂದ ಹಿಂದಿರುಗುವಾಗ ಆಗುಂಬೆ ಘಾಟಿಯಲ್ಲಿ ಅದು ನಮ್ಮ ಮಾನ ಕಳೆಯಿತು. ಪ್ರತಿ ತಿರುವಿನಲ್ಲೂ ಏದುಸಿರು. ಅರ್ಧ ಘಾಟಿಯಲ್ಲಿ ರೇಡಿಯೇಟರ್ ಕುದಿದು, ಹೆಂಡತಿ ಮಗಳನ್ನು ಕೆಳಗಿಳಿಸಿ ಮರದಡಿ ಕೂರಿಸಬೇಕಾಯಿತು.

ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನಾನು ತೀರ್ಪು ಕೊಟ್ಟೇಬಿಟ್ಟೆ: "ಆ ಗ್ಯಾರೇಜಿನವನಿಗೆ ಟೈಮಿಂಗ್ ಅಂದರೆ ಏನೂಂತಲೇ ಗೊತ್ತಿಲ್ಲ." ನಾಲ್ಕು ತಿಂಗಳ ಹಿಂದೆ ಎಂಜಿನ್ ಬಿಚ್ಚಿ ಕಟ್ಟಿ ಟೈಮಿಂಗ್ ಕೂರಿಸಿದವನು ಅವನೇ. ಕೇಳಿದವರು ತಲೆದೂಗಿದರು. ಅವರಲ್ಲಿ ಇಬ್ಬರು ತಮ್ಮ ಸ್ಕೂಟರುಗಳನ್ನು ಬೇರೆ ಕಡೆ ಒಯ್ಯತೊಡಗಿದರೆಂದು ಆಮೇಲೆ ತಿಳಿಯಿತು.

ಟೈಮಿಂಗ್ ಎಂದರೆ ದೊಡ್ಡ ರಹಸ್ಯವೇನಲ್ಲ. ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರಿ ಪೆಟ್ರೋಲು ಗಾಳಿಗಳ ಮಿಶ್ರಣವನ್ನು ಒತ್ತುತ್ತದೆ. ಅದು ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲು ಕಿಡಿ ಹಾರಬೇಕು. ತೀರ ಬೇಗ ಹಾರಿದರೆ ಉರಿಯ ಒತ್ತಡ ಏರುತ್ತಿರುವ ಪಿಸ್ಟನ್ನಿಗೆ ಎದುರಾಗಿ ಎಂಜಿನ್ ಟಕಟಕ ಬಡಿಯುತ್ತದೆ. ತಡವಾದರೆ ಬಲವಾಗಬೇಕಾದದ್ದು ಬರಿಯ ಶಾಖವಾಗಿ ಪೋಲಾಗುತ್ತದೆ. ಗಾಡಿ ಎಳೆಯುವುದಿಲ್ಲ, ಕಾಯುತ್ತದೆ. ನನ್ನ ಕಾರಿನದು ಎರಡನೆಯ ರೋಗ.

ಭಾನುವಾರ ಅಂಗಳದಲ್ಲಿ ಬಾನೆಟ್ ಎತ್ತಿದೆ. ಹತ್ತನೆಯ ತರಗತಿಯಲ್ಲಿದ್ದ ಮಗಳು ಹ್ಯಾಂಡಲ್ ಹಾಕಿ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿದಳು. ನಾನು ಒಂದನೆಯ ಸಿಲಿಂಡರಿನ ಪ್ಲಗ್ ಕಳಚಿ ಆ ತೂತಿನ ಮೇಲೆ ಹೆಬ್ಬೆರಳಿಟ್ಟೆ. ಇದಕ್ಕೆ ಕಾರಣವುಂಟು. ಎಂಜಿನ್ ಎರಡು ಸುತ್ತು ತಿರುಗಿದರೆ ಒಂದು ಸಿಲಿಂಡರಿಗೆ ಒಂದೇ ಕಿಡಿ. ಆದರೆ ಪುಲ್ಲಿಯ ಮೇಲಿನ ಗೆರೆ ಎದುರಿನ ಮುಳ್ಳಿಗೆ ಎರಡೂ ಸುತ್ತಿನಲ್ಲಿ ಕೂಡುತ್ತದೆ. ಒಮ್ಮೆ ಒಳಗೆ ಒತ್ತಡವಿರುತ್ತದೆ. ಇನ್ನೊಮ್ಮೆ ಹೊಗೆ ಹೊರಹೋಗುವ ಹೊತ್ತು. ಕಣ್ಣಿಗೆ ಎರಡೂ ಒಂದೇ. ಬೆರಳನ್ನು ಗಾಳಿ ತಳ್ಳಿದರೆ ಮಾತ್ರ ಅದು ನಿಜವಾದ ಗುರುತು.

ಡಿಸ್ಟ್ರಿಬ್ಯೂಟರಿಗೆ ಒಂದು ಬಲ್ಬು ಸಿಕ್ಕಿಸಿ ನೋಡಿದೆ. ಪಾಯಿಂಟ್ ಬಿಟ್ಟುಕೊಂಡ ಕ್ಷಣ, ಅಂದರೆ ಕಿಡಿ ಹಾರುವ ಕ್ಷಣ, ಬಲ್ಬು ಹತ್ತಬೇಕು. ಹತ್ತಬೇಕಾದ ಜಾಗ ದಾಟಿದ ಮೇಲೆ ಹತ್ತಿತು. "ನೋಡಿದೆಯಾ, ನಾನು ಹೇಳಲಿಲ್ಲವೇ!" ಎಂದು ಡಿಸ್ಟ್ರಿಬ್ಯೂಟರ್ ತಿರುಗಿಸಲು ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ.

ಮಗಳು ಕೇಳಿದಳು: "ಅಪ್ಪಾ, ಇದನ್ನು ಕೊನೆಗೆ ಮುಟ್ಟಿದ್ದು ಯಾರು?"

ಸ್ಪ್ಯಾನರ್ ಅಲ್ಲೇ ನಿಂತಿತು. ಕೊನೆಗೆ ಮುಟ್ಟಿದವನು ನಾನು. ಡಿಸೆಂಬರಿನಲ್ಲಿ ನಾಲ್ಕು ಕಾಸು ಉಳಿಸಲೆಂದು ಹೊಸ ಪಾಯಿಂಟ್ ತಂದು ನಾನೇ ಕೂರಿಸಿದ್ದೆ. ಪಾಯಿಂಟಿನ ಹಿಮ್ಮಡಿ ಉಜ್ಜುವ ಕ್ಯಾಮಿಗೆ ಚೂರು ಗ್ರೀಸ್ ಸವರಬೇಕಿತ್ತು, ಸವರಿರಲಿಲ್ಲ. ಹಿಮ್ಮಡಿ ಸವೆದು, ಪಾಯಿಂಟಿನ ಸಂದು ಮುಚ್ಚುತ್ತ ಬಂದಿತ್ತು. ಸಂದು ಕಿರಿದಾದಷ್ಟೂ ಕಿಡಿ ತಡ. ಫೀಲರ್ ಗೇಜ್ ಇಟ್ಟು ಸಂದನ್ನು 0.4 ಮಿಲಿಮೀಟರಿಗೆ ತಂದು, ಗ್ರೀಸ್ ಸವರಿ, ಮತ್ತೆ ಹ್ಯಾಂಡಲ್ ತಿರುಗಿಸಿಸಿದೆ. ಬಲ್ಬು ಹತ್ತಬೇಕಾದಲ್ಲೇ ಹತ್ತಿತು. ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟೂ ಕದಲಿಸಬೇಕಾಗಲಿಲ್ಲ. ಆತ ಕೂರಿಸಿದ್ದ ಟೈಮಿಂಗ್ ಕೂರಿಸಿದಂತೆಯೇ ಇತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಆತ ನಿರಪರಾಧಿ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ಒಂದು ವೇಳೆ ತಪ್ಪು ಅವನದೇ ಆಗಿದ್ದರೆ? ಆಗ ನನ್ನ ಮಾತು ಸರಿಯಾಗುತ್ತಿತ್ತೇ? ಬಹಳ ಹೊತ್ತು ಯೋಚಿಸಿದೆ. ಆಗುತ್ತಿರಲಿಲ್ಲ ಎಂದೇ ತೋರಿತು. ನಾನು ಬಾನೆಟ್ಟನ್ನೇ ಎತ್ತದೆ ಆಡಿದ ಮಾತು ಅದು. ಲೆಕ್ಕ ಮಾಡದೆ ಪಕ್ಕದವನಿಂದ ಉತ್ತರ ಬರೆದುಕೊಂಡ ಹುಡುಗನಿಗೆ "ಉತ್ತರ ಸರಿ, ಕ್ರಮವೆಲ್ಲಿ?" ಎಂದು ಅಂಕ ಕತ್ತರಿಸುತ್ತಿದ್ದವನು ನಾನು. ಪರೀಕ್ಷಿಸದೆ ಹೊರಿಸಿದ ಆರೋಪ ನಿಜವಾಗಿಬಿಟ್ಟರೂ ಅದು ಆ ಇನ್ನೊಂದು ಸುತ್ತಿನ ಗುರುತು. ಗೆರೆ ಕೂಡಿರುತ್ತದೆ, ಒಳಗೆ ಒತ್ತಡವಿರುವುದಿಲ್ಲ. ಇನ್ನೊಬ್ಬನ ಅನ್ನದ ವಿಷಯದಲ್ಲಿ ಅದೃಷ್ಟದಿಂದ ಸರಿಯಾಗುವ ಹಕ್ಕು ಯಾರಿಗೂ ಇಲ್ಲ.

ಮರುದಿನ ಗ್ಯಾರೇಜಿಗೆ ಹೋಗಿ ಎಲ್ಲ ಹೇಳಿದೆ. ಆತ ಕೈಗಂಟಿದ ಮಸಿಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಕೇಳಿಸಿಕೊಂಡ. "ನೀವು ಹಂಗಂದಿದ್ದು ಗೊತ್ತಿತ್ತು ಸಾರ್" ಎಂದ. ಸ್ವಲ್ಪ ತಡೆದು, "ಈಗ ಗ್ರೀಸ್ ಹಾಕಿದ್ದೀರಲ್ಲ?" ಎಂದು ಕೇಳಿದ. ಅದಕ್ಕಿಂತ ಹೆಚ್ಚಿಗೆ ಏನೂ ಅನ್ನಲಿಲ್ಲ.

ಸ್ಟಾಫ್ ರೂಮಿನಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು. ಆ ಇಬ್ಬರಲ್ಲಿ ಒಬ್ಬರು ನಕ್ಕು, ಮತ್ತೆ ಅವನಲ್ಲಿಗೇ ಹೋದರು. ಇನ್ನೊಬ್ಬರು, "ಇರಲಿ ಬಿಡಿ ಮೇಷ್ಟ್ರೇ, ನನಗೆ ಹೊಸ ಗ್ಯಾರೇಜೇ ರೂಢಿಯಾಗಿದೆ" ಎಂದರು. ಅವರನ್ನು ಹಿಂದಕ್ಕೆ ತರಲು ನನ್ನಿಂದ ಆಗಲಿಲ್ಲ.

ಈಗಿನ ಕಾರುಗಳಲ್ಲಿ ಪಾಯಿಂಟಿಲ್ಲ; ಕಿಡಿಯ ಹೊತ್ತನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ನನ್ನ ಅಂಬಾಸಿಡರೂ ಗುಜರಿಗೆ ಹೋಗಿ ವರ್ಷಗಳಾದವು. ಆದರೂ ಯಾರ ಮೇಲಾದರೂ ತಪ್ಪು ಹೊರಿಸಲು ಬಾಯಿ ತೆರೆದಾಗ, ಕೊನೆಗೆ ಮುಟ್ಟಿದ್ದು ಯಾರು ಎಂದು ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ. ಎಷ್ಟೋ ಸಲ ಬಾಯಿ ಹಾಗೆಯೇ ಮುಚ್ಚಿಕೊಂಡಿದೆ.